ಮೂಲೆಯ ಗುಂಡಿಯೂ ಅಣ್ಣನ ಕಣ್ಣೂ

ಮಗ್ಗದ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಕಂಪ್ಯೂಟರು ಇಟ್ಟರೆ ಅದಕ್ಕೆ ಮೊದಲ ವೈರಿ ಹತ್ತಿಯ ಧೂಳು. ಗೋಡೆಯ ಆಚೆ ಮಗ್ಗಗಳು ಬಡಿಯುತ್ತಿರುತ್ತವೆ. ಈಚೆ ಕಿಟಕಿಯನ್ನು ಎಷ್ಟು ಭದ್ರ ಮಾಡಿದರೂ ಆ ಬಿಳಿ ಧೂಳು ಹೇಗೋ ಬಂದು ಗುಂಡಿಗಳ ಸಂದಿಯಲ್ಲಿ ಕೂರುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ಇಚಲಕರಂಜಿಯ ನಮ್ಮ ಮಾಲಕರು ಆ ಯಂತ್ರ ತಂದಾಗ ಅದನ್ನು ನಡೆಸುವುದರ ಜೊತೆಗೆ ಒರೆಸುವುದೂ ನನ್ನ ಪಾಲಿಗೆ ಬಂತು. ನಾನು ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಇಂಗ್ಲಿಷ್ ಅಕ್ಷರ, ಅಂಕಿ ಗುರುತು ಹಿಡಿಯುತ್ತೇನೆ ಎಂಬ ಒಂದೇ ಕಾರಣಕ್ಕೆ ಬಟ್ಟೆ ಮಡಚುವ ಕೋಣೆಯಿಂದ ನನ್ನನ್ನು ಎಬ್ಬಿಸಿ ಅದರ ಮುಂದೆ ಕೂರಿಸಿದ್ದರು.

ಕೆಲಸ ಕಷ್ಟದ್ದೇನಲ್ಲ. ಮಗ್ಗದಿಂದ ಇಳಿದ ಬಟ್ಟೆಯ ಒಂದು ತುಂಡಿಗೆ ಅಲ್ಲಿ ತಾಕಾ ಎನ್ನುತ್ತಾರೆ, ಅದರ ತುದಿಯಲ್ಲಿ ಮಗ್ಗದ ನಂಬರನ್ನು ಪೆನ್ಸಿಲಿನಲ್ಲಿ ಗೀಚಿರುತ್ತಾರೆ. ತಪಾಸಣೆಯ ಹಿರಿಯರು, ನಾವೆಲ್ಲ ಅವರನ್ನು ಅಜ್ಜ ಎಂಬಂತೆ ಮುತ್ಯಾ ಎನ್ನುತ್ತಿದ್ದೆವು, ನಡುವಿನ ಬಾಗಿಲಾಚೆ ಮಡಚುವ ಕೋಣೆಯಲ್ಲಿ, ಒಳಗೆ ದೀಪವಿದ್ದ ಗಾಜಿನ ಮೇಜಿನ ಮೇಲೆ ತಾಕಾವನ್ನು ಎಳೆಯುತ್ತ ಹೋಗುವರು. ಎಳೆ ಹರಿದದ್ದು, ಅಡ್ಡ ಎಳೆಯ ಹೊಕ್ಕು ತಪ್ಪಿದ್ದು, ಎಣ್ಣೆ ಕಲೆ, ಹೀಗೆ ಕಂಡ ದೋಷವನ್ನೂ ಮಗ್ಗದ ನಂಬರನ್ನೂ ಕೂಗಿ ಹೇಳುವರು. ನಾನು ಯಂತ್ರಕ್ಕೆ ಹಾಕುವೆ. ವಾರಕ್ಕೊಮ್ಮೆ ದಿವಾಣಜಿ, ಅಂದರೆ ನಮ್ಮ ಆಫೀಸಿನ ಕಾರಕೂನರು, ಅದರ ಪಟ್ಟಿ ತೆಗೆಸಿ ಶೆಡ್ಡಿನ ಬಾಗಿಲಿಗೆ ಅಂಟಿಸುವರು.

ಯಂತ್ರ ಬರುವ ಮುಂಚೆ ಪಟ್ಟಿ ಇರಲಿಲ್ಲ. ಬೆರಳು ಇಡಿಸುವ ಪದ್ಧತಿ ಇತ್ತು. ದೋಷ ಕಂಡ ಕೂಡಲೇ ಮುತ್ಯಾ ಆ ಮಗ್ಗದವನನ್ನು ಮೇಜಿಗೆ ಕರೆಸುವರು. ಅವನು ಬೆಳಕಿನ ಮೇಲೆ ಹರಡಿದ ಬಟ್ಟೆಯಲ್ಲಿ ತನ್ನ ದೋಷವನ್ನು ತಾನೇ ಹುಡುಕಿ ಅದರ ಮೇಲೆ ಬೆರಳು ಇಡಬೇಕು. ಇಟ್ಟರೆ ಒಪ್ಪಿಕೊಂಡ ಹಾಗೆ. ಸುತ್ತ ಕೂತು ಬಟ್ಟೆ ಮಡಚುತ್ತಿದ್ದ ಹೆಂಗಸರು ನಾವು ನಗುತ್ತಿದ್ದೆವು, ಅವನೂ ಏನಾದರೂ ಒಂದು ಹೇಳಿ ನಗಿಸಿ ಹೋಗುತ್ತಿದ್ದ. ಪಟ್ಟಿ ಬಂದ ಮೇಲೆ, ನೇಕಾರರು ಮಗ್ಗ ಬಿಟ್ಟು ಎದ್ದು ಬರುವುದು ಬೇಡ ಎಂದು ಮಾಲಕರು ಆ ಪದ್ಧತಿ ನಿಲ್ಲಿಸಿದರು. ಯಾರೂ ಬೇಡ ಎನ್ನಲಿಲ್ಲ. ಮೇಜಿನ ಮುಂದೆ ನಿಲ್ಲುವ ಅವಮಾನ ತಪ್ಪಿತು ಎಂದೇ ಎಲ್ಲರೂ ಅಂದುಕೊಂಡರು.

ನನ್ನ ಅಣ್ಣ ಅದೇ ಶೆಡ್ಡಿನಲ್ಲಿ ಜೋಡು ಮಗ್ಗ ನೋಡುತ್ತಿದ್ದ. ನಮ್ಮದು ಗಡಹಿಂಗ್ಲಜ ಹತ್ತಿರದ ನೂಲ ಎಂಬ ಊರಿನ ಕಡೆ ಕುರಿ ಕಾಯುವ ಮನೆತನ. ಕುರಿ ಬಿಟ್ಟು ಬಂದು ಮಗ್ಗ ಕಲಿತವರಲ್ಲಿ ನಮ್ಮ ಮನೆಗೆ ಅವನೇ ಮೊದಲಿಗ. ಮಗ್ಗದ ಮೇಲೆ ಕೈ ಕುದುರಿದ ಮೇಲೆ ನನ್ನನ್ನೂ ಕರೆಸಿಕೊಂಡು ಕೆಲಸಕ್ಕೆ ಹಚ್ಚಿದ. ಅವನ ತಾಕಾ ಬಂದರೆ, ದೋಷ ಇರದು ಎಂಬ ನಂಬಿಕೆಯಿಂದ, ಮುತ್ಯಾ ಮೇಜಿನ ಮೇಲೆ ಬಟ್ಟೆಯನ್ನು ಸ್ವಲ್ಪ ಬೇಗಬೇಗನೆಯೇ ಎಳೆಯುತ್ತಿದ್ದರು. ಬೆರಳು ಇಡಿಸುವ ಪದ್ಧತಿ ಇದ್ದಾಗ ಅಪರೂಪಕ್ಕೆ ಎಲ್ಲಿಯಾದರೂ ಕರೆಸಿದರೆ ಮಡಚುವ ಹೆಂಗಸರು, “ಏನ್ರೀ, ನಿಮ್ಮ ಬೆರಳಿಗೆ ಮೇಜಿನ ದಾರಿ ಮರತಿಲ್ಲೇನ್ರಿ ಇನ್ನೂ?” ಎಂದು ಕೆಣಕುತ್ತಿದ್ದರು. ಅವನು ಕಿವಿಯವರೆಗೆ ಕೆಂಪಾಗುತ್ತಿದ್ದ.

ಯಂತ್ರದೊಳಗಿನ ಪ್ರೋಗ್ರಾಮನ್ನು ಬರೆದವರು ಕೊಲ್ಹಾಪುರದಲ್ಲಿ ಕಲಿಸುವ ಕೆಲಸದಲ್ಲಿದ್ದ ಒಬ್ಬ ಮಾಸ್ತರರು. ಅವರ ತಾಯಿಯ ತವರು ಗಡಹಿಂಗ್ಲಜ ಕಡೆಯದು, ಹಾಗಾಗಿ ನನ್ನ ಜೊತೆ ಕನ್ನಡದಲ್ಲೇ ಮಾತಾಡುವರು. ಆ ಪ್ರೋಗ್ರಾಮನ್ನು ಅವರು ಮಾರಲಿಲ್ಲ. ಖಾಲಿ ಫ್ಲಾಪಿ ತಂದವರಿಗೆಲ್ಲ ತುಂಬಿಸಿ ಕೊಡುತ್ತಿದ್ದರು. ಬೇರೆಯವರು ಮಾಡಿದ ಪ್ರೋಗ್ರಾಮುಗಳು ಮುಚ್ಚಿದ ಪೆಟ್ಟಿಗೆಯ ಹಾಗೆ, ಒಳಗೆ ಏನಿದೆ ಯಾರಿಗೂ ಕಾಣದು. ಇವರದು ತೆರೆದ ಪುಸ್ತಕ. ಬಲ್ಲವರು ಸಾಲು ಸಾಲಾಗಿ ಓದಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಅದನ್ನು ನಮ್ಮ ಶೆಡ್ಡಿಗೆ, ಆಮೇಲೆ ನಮ್ಮ ಮಾಲಕರ ಬಳಗದವರ ಇನ್ನೂ ಕೆಲವು ಶೆಡ್ಡುಗಳಿಗೆ, ಕೊಲ್ಹಾಪುರದ ಒಂದು ಬಟ್ಟೆ ಗೋದಾಮಿಗೆ, ಗಡಹಿಂಗ್ಲಜದ ಒಬ್ಬ ನೂಲಿನ ವ್ಯಾಪಾರಿಯ ಆಫೀಸಿಗೆ ಎಸ್‌ಟಿ ಬಸ್ಸಿನಲ್ಲಿ ಒಯ್ದು ಮುಟ್ಟಿಸಿದವಳು ನಾನೇ. ಬಾಗದಿರಲಿ, ಬಿಸಿಲು ತಾಗದಿರಲಿ ಎಂದು ಫ್ಲಾಪಿಗಳನ್ನು ಊಟದ ಡಬ್ಬಿಯಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡು ಕೂರುತ್ತಿದ್ದೆ.

ಮೊದಲ ದಿನ ಮಾಸ್ತರರು ನನಗೆ ಹೇಳಿದ ಮಾತು ಇದು: “ಇದು ಊರ ಬಾವಿ ಇದ್ದಂಗ ನೋಡ್ರಿ. ಯಾರು ಬೇಕಾದ್ರೂ ಸೇದಿಕೊಳ್ಳಲಿ. ಒಳಗ ಏನರ ಸತ್ತು ಬಿದ್ದದ್ದು ಕಂಡ್ರ ಮಾತ್ರ ಸುಮ್ಮನ ಹೋಗಬಾರದು. ಬಂದು ಹೇಳಬೇಕು. ನಾ ತಗದು ಎಲ್ಲಾರಿಗೂ ತಿಳಸ್ತೀನಿ. ಇದರ ಬೆಲಿ ಅಂದ್ರ ಅಷ್ಟ.”

ನಾನು ಹೂಂ ಎಂದಿದ್ದೆ.

ಹೊಸದಾಗಿ ಬರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬರೆದದ್ದನ್ನು ತಿದ್ದಬೇಕಾದರೆ ಯಂತ್ರ ಮಾಲಕರ ಪಾಸ್‌ವರ್ಡ್ ಕೇಳುತ್ತಿತ್ತು. ನನ್ನ ಕೈ ತಪ್ಪುವುದು ಹೆಚ್ಚು. ಏಳಕ್ಕೆ ಒಂದು ಒತ್ತುವೆ, ಒಂದು ದೋಷ ಬಿಟ್ಟು ಇನ್ನೊಂದು ಹಾಕುವೆ. ಪ್ರತಿ ಸಲ ಮಾಲಕರನ್ನು ಕರೆಯಬೇಕು. ಅವರು ಬೈಯುತ್ತಿರಲಿಲ್ಲ, ಚಪ್ಪಲಿ ಎಳೆಯುತ್ತ ಬಂದು ಆ ಪದ ಹೊಡೆದು, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಆ ನಿಟ್ಟುಸಿರಿಗೆ ನಾನು ಹೆದರುತ್ತಿದ್ದೆ. ಮತ್ತೆ ಮಡಚುವ ಕೋಣೆಗೆ ಕಳಿಸುವರೋ ಎಂದು.

ಒಂದು ದಿನ ಹೀಗೆ ಪಾಸ್‌ವರ್ಡ್ ಕೇಳುತ್ತ ಯಂತ್ರ ನಿಂತಿತ್ತು. ಮಾಲಕರು ಬರುವುದು ತಡವಾಯಿತು. ಚಿಂದಿ ತೆಗೆದುಕೊಂಡು ಗುಂಡಿಗಳ ಮೇಲಿನ ಧೂಳು ಒರೆಸತೊಡಗಿದೆ. ಎಡಗಡೆ ಮೂಲೆಯ ಎಸ್ಕೇಪ್ ಗುಂಡಿ ಒತ್ತಿಹೋಯಿತು. ಪರದೆಯ ಮೇಲೆ ಏನೋ ಸಾಲು ಬಂತು. ನಿಲ್ಲಿಸಲೋ, ಮುಂದೆ ಹೋಗಲೋ, ತಡೆದಿಡಲೋ ಎಂದು ಮೂರು ಅಕ್ಷರದಲ್ಲಿ ಒಂದನ್ನು ಕೇಳುತ್ತಿತ್ತು. ಗಾಬರಿಯಲ್ಲಿ ಮೊದಲನೆಯದನ್ನು ಒತ್ತಿದೆ. ಎಲ್ಲ ಅಳಿಸಿಹೋಗಿ ಒಂದು ಚುಕ್ಕೆ ಉಳಿಯಿತು.

ಆ ಚುಕ್ಕೆಯನ್ನು ನಾನು ಬಲ್ಲೆ. ಮಾಸ್ತರರು ಯಂತ್ರ ಕೂರಿಸುವ ದಿನ ಅದೇ ಚುಕ್ಕೆಯ ಮುಂದೆ ಏನೇನೋ ಹೊಡೆದು ಒಳಗಿನದೆಲ್ಲವನ್ನೂ ಹರಡಿ ನೋಡಿದ್ದರು. ಇಂಗ್ಲಿಷ್ ಅರ್ಥವಾಗದಿದ್ದರೂ ಅವರು ಒತ್ತಿದ ಅಕ್ಷರಗಳು, ಕಸೂತಿಯ ಎಳೆ ನೆನಪಿರುವ ಹಾಗೆ, ನನ್ನ ಬೆರಳಿಗೆ ನೆನಪಿದ್ದವು. ಒತ್ತಿ ನೋಡಿದೆ. ಎಲ್ಲ ತಾಕಾ, ಎಲ್ಲ ನಂಬರು, ಎಲ್ಲ ದೋಷ ಬಾಗಿಲು ತೆರೆದ ಮನೆಯಂತೆ ಎದುರಿಗೆ ಬಂದವು. ನನ್ನ ತಪ್ಪು ಅಂಕಿಯನ್ನು ತಿದ್ದಿದೆ. ಪಾಸ್‌ವರ್ಡನ್ನು ಯಾರೂ ಕೇಳಲಿಲ್ಲ. ಮಾಲಕರು ಬಂದಾಗ, “ಬ್ಯಾಡ ಬಿಡ್ರಿ, ಆತು” ಎಂದೆ.

ಅವತ್ತೇ ಒಂದು ಕಾರ್ಡು ಬರೆದು ಮಾಸ್ತರರಿಗೆ ಹಾಕಬೇಕಿತ್ತು. ಹಾಕಲಿಲ್ಲ. ನಾಳೆ ಎಂದುಕೊಂಡೆ, ಆಮೇಲೆ ಹಾಗೆ ಅಂದುಕೊಳ್ಳುವುದನ್ನೂ ಬಿಟ್ಟೆ. ಆ ತೂತಿನಿಂದ ನನಗೆ ಸುಖವಿತ್ತು. ನಿಟ್ಟುಸಿರು ನಿಂತಿತು. ಹುಡುಗಿಯ ಕೈ ಕುದುರಿತು ಎಂದು ಮಾಲಕರು ಯಾರ ಹತ್ತಿರವೋ ಹೇಳಿದ್ದು ಕಿವಿಗೆ ಬಿದ್ದಾಗ ಹಿಗ್ಗಿದೆ. ನನ್ನ ತಪ್ಪನ್ನಷ್ಟೇ ತಿದ್ದುತ್ತಿದ್ದೇನೆ, ಬೇರೆ ಒಂದು ಅಕ್ಷರವನ್ನೂ ಮುಟ್ಟುತ್ತಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ನಾನು ತಿದ್ದುವುದನ್ನು ದಿವಾಣಜಿ ಹಿಂದೆ ನಿಂತು ನೋಡಿದರು. ನಾಲ್ಕಕ್ಷರ ಹೆಚ್ಚು ಓದಿದವರು, ನನ್ನನ್ನು ಅದುವರೆಗೆ ‘ಏ ಪೋರಿ’ ಎಂದೇ ಕರೆದವರು. ಅವತ್ತು ಪಕ್ಕದ ಸ್ಟೂಲಿನ ಮೇಲೆ ಕೂತು, ಮರಾಠಿಯಲ್ಲಿ ಅಕ್ಕ ಎಂದು ಕರೆದು, “ತಾಈ, ಹೇ ಕಸಂ ಕೇಲಂ? ನನಗೂ ತೋರಸ, ಬಘೂ” ಎಂದರು. ಹೇಗೆ ಮಾಡಿದೆ ಎಂದು ಓದಿದವರೊಬ್ಬರು ನನ್ನನ್ನು ಕೇಳಿದ್ದು ಅದೇ ಮೊದಲು. ತೋರಿಸಿದೆ. ನಿಧಾನವಾಗಿ, ಅವರು ಕಲಿಯುವ ತನಕ, ಮತ್ತೊಮ್ಮೆ ತೋರಿಸಿದೆ.

ಆಮೇಲೆ ದಿವಾಣಜಿ ತಮ್ಮ ಹೆಂಡತಿಯ ತಮ್ಮನನ್ನು ಶೆಡ್ಡಿಗೆ ತಂದು ಅಣ್ಣನ ಪಕ್ಕದ ಜೋಡಿಗೆ ಹಚ್ಚಿದರು. ಅವನಿಗೆ ಕೈಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಒಂದು ದಿನ ಅವನ ತಾಕಾ ಮೇಜಿಗೆ ಬಂದಾಗ ತುದಿಯಲ್ಲೇ ಅಂಗೈ ಅಗಲದ ಎಣ್ಣೆ ಕಲೆ. ಮುತ್ಯಾ ಮೂಸಿ ನೋಡಿ, “ಬಟ್ಟಿ ನೇದಾನೋ, ಭಜಿ ಕರದಾನೋ?” ಎಂದರು. ಕೋಣೆಯೆಲ್ಲ ನಕ್ಕಿತು. ನಾನೂ ನಗುತ್ತಲೇ ಅವನ ನಂಬರು ಹಾಕಿದೆ. ಆ ಕಲೆಯ ತುಂಡನ್ನು ಕತ್ತರಿಸಿ, ಧೂಳು ಒರೆಸಲು ಆದೀತೆಂದು ನನ್ನ ಕುರ್ಚಿಯ ಬಳಿಯ ಚಿಂದಿ ಚೀಲಕ್ಕೆ ಎಸೆದರು.

ವಾರದ ಪಟ್ಟಿಯಲ್ಲಿ ಎಣ್ಣೆ ಕಲೆ ಅಣ್ಣನ ನಂಬರಿನ ಎದುರು ಇತ್ತು. ಅದರ ಜೊತೆಗೆ ಬೇರೆ ಎರಡು ದೋಷ.

ನೋಡಿದ ಕೂಡಲೇ ನನಗೆ ತಿಳಿಯಿತು. ಆಮೇಲೆ ತಿಳಿಯಿತು ಎಂದು ನಾನು ಎಷ್ಟೋ ಜನರ ಮುಂದೆ ಹೇಳಿದ್ದುಂಟು. ಅದು ಸುಳ್ಳು. ದಿವಾಣಜಿಯನ್ನು ಒಂಟಿಯಾಗಿ ಕೇಳಿದೆ. ಅವರು ಕನ್ನಡಕ ಒರೆಸುತ್ತ ಮೆಲ್ಲಗೆ ಹೇಳಿದರು: “ಹೆಸರಿದ್ದವಗ ನಾಕು ಕಲಿ ಬಿದ್ರ ಏನೂ ಆಗೂದಿಲ್ಲ. ಹೊಸಾ ಹುಡುಗಗ ಬಿದ್ರ ಕೆಲಸಾನ ಹೋಗ್ತೈತಿ. ಮತ್ತ ನೋಡ, ಆ ಗುಂಡಿ ಮ್ಯಾಲ ಮೊದಲ ಯಾರ ಬೆರಳು ಬಿದ್ದದ್ದು?”

ಮಾಲಕರ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಸುಮ್ಮನೆ ಕೂರಲೂ ಆಗಲಿಲ್ಲ. ಮರುದಿನದಿಂದ ಅವರು ಊಟಕ್ಕೆ ಎದ್ದಾಗ ನಾನು ಮೂಲೆಯ ಗುಂಡಿ ಒತ್ತಿ ಅಣ್ಣನ ಎದುರಿನ ದೋಷಗಳನ್ನು ಅವನ ಪಕ್ಕದವನಿಗೇ ವಾಪಸು ಹಾಕುವೆ. ನಾನು ನೀರಿಗೆ ಎದ್ದಾಗ ಅವರು ಮತ್ತೆ ಅಣ್ಣನಿಗೆ ಹಾಕುವರು. ಒಂದೇ ತೂತಿನಿಂದ ಇಬ್ಬರೂ ಒಳಗೆ ಹೋಗಿ ಹೊರಗೆ ಬರುತ್ತಿದ್ದೆವು. ಈ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ, ಚಹಾ ಬಂದಾಗ ಒಂದೇ ಕಿಟ್ಲಿಯಿಂದ ಕುಡಿಯುತ್ತಿದ್ದೆವು. ನಾನು ಅದನ್ನೇ ಹೋರಾಟ ಎಂದುಕೊಂಡಿದ್ದೆ. ಆದರೆ ಪಟ್ಟಿ ತೆಗೆಸುವವರು ಅವರು. ಕೊನೆಯ ಕೈ ಯಾವಾಗಲೂ ಅವರದೇ.

ಅಣ್ಣ ಒಮ್ಮೆಯೂ ತಕರಾರು ಮಾಡಲಿಲ್ಲ. ತಕರಾರು ಮಾಡುವುದೆಂದರೆ ಮುತ್ಯಾನನ್ನು ಸುಳ್ಳ ಎಂದಂತೆ. ಯಂತ್ರದ ಮಾತಂತೂ ಬೇರೆ. ವೈನಿ, ಅಂದರೆ ಅಣ್ಣನ ಹೆಂಡತಿ, ಯಾರೋ ಬೇಕೆಂದೇ ಮಾಡುತ್ತಿದ್ದಾರೆ ಎಂದು ಸಿಟ್ಟಾದಾಗ ಅವನು, “ಮನಶ್ಯಾಗ ಹಗಿ ಇರತೈತಿ. ಆ ಪೆಟ್ಟಿಗಿಗೆ ನನ್ನ ಮ್ಯಾಲ ಏನ ಹಗಿ?” ಎಂದ. ನಾನು ಅಲ್ಲೇ ಕೂತು ಪಲ್ಲೆ ಸೋಸುತ್ತಿದ್ದೆ.

ಅವನು ತನ್ನ ಕಣ್ಣಿನ ಮೇಲೆ ಸಂಶಯ ಹಿಡಿದ. ಮನೆಯಲ್ಲಿ ಸೂಜಿಗೆ ದಾರ ಪೋಣಿಸಿ ನೋಡುವನು. ದೂರದ ಬೋರ್ಡಿನ ಅಕ್ಷರ ಓದುವನು. ವೈನಿ ಕಣ್ಣಿಗೆ ಒಳ್ಳೆಯದೆಂದು ಮೂರು ಹೊತ್ತೂ ಗಜ್ಜರಿ ತಿನ್ನಿಸಿದಳು. “ಇನ್ನ ನಾ ಕುದರಿಯಾಂಗ ಕೆನಿಯೂದೊಂದ ಬಾಕಿ” ಎಂದು ನಕ್ಕನಾದರೂ ತಿಂದ. ಮಿರಜಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದ. ಏನೂ ಆಗಿಲ್ಲ ಎಂದು ಅವರು ಹೇಳಿ ಕಳಿಸಿದರೆ ಇವನಿಗೆ ನಂಬಿಕೆಯಿಲ್ಲ. ಕೊನೆಗೆ ಸಂತೆಯಲ್ಲಿ ಹಾಸಿಕೊಂಡು ಮಾರುವವನ ಬಳಿ ಒಂದು ಕನ್ನಡಕ ಕೊಂಡು ಹಾಕಿಕೊಂಡ. ಹಾಕಿಕೊಂಡ ಮೇಲೆ ಮಗ್ಗದ ಮೇಲೆ ಇನ್ನಷ್ಟು ಬಾಗುವನು. ಎಳೆ ಹರಿಯದಿದ್ದರೂ ಮಗ್ಗ ನಿಲ್ಲಿಸಿ ನೋಡುವನು. ಹೀಗೆ ನಿಲ್ಲಿಸಿ ನಿಲ್ಲಿಸಿ ಬಟ್ಟೆಯಲ್ಲಿ ನಿಜವಾದ ಗುರುತುಗಳೂ ಬೀಳತೊಡಗಿದವು. ಈಗ ಪಟ್ಟಿಯಲ್ಲಿ ಅವನವು ಯಾವುವು, ಅಲ್ಲದವು ಯಾವುವು ಎಂದು ನನಗೂ ಪೂರ್ತಿ ಗೊತ್ತಾಗುತ್ತಿರಲಿಲ್ಲ.

ಒಂದು ಸಂಜೆ ಪಾಳಿ ಮುಗಿಸಿ ಇಬ್ಬರೂ ನಡೆದು ಮನೆಗೆ ಬರುತ್ತಿದ್ದೆವು. ಬಾಗಿಲ ಮುಂದೆ ಬಂದವನು ನಿಂತ.

“ತಂಗಿ, ನೀ ಅಲ್ಲೇ ಕುಂದರತಿ. ನಿನ್ನ ಕಣ್ಣ ಮುಂದ ಹಾದು ಹೋಗತೈತಿ ಎಲ್ಲಾ. ಖರೇ ಹೇಳ, ನನ್ನ ಬಟ್ಟಿ ಅಷ್ಟು ಕೆಟ್ಟ ಬರಾಕತ್ತೈತೇನ?”

ಅವನು ಕೇಳಿದ್ದು ಯಂತ್ರವನ್ನಲ್ಲ, ಮುತ್ಯಾನನ್ನಲ್ಲ, ನನ್ನನ್ನು. ಆಗ ಹೇಳಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ನನ್ನ ಕುರ್ಚಿ ಹೋಗುತ್ತಿತ್ತು, ಅಷ್ಟೇ. ನಾನು, “ಒಮ್ಮೊಮ್ಮಿ ಎಲ್ಲಾರದೂ ಹಂಗ ಬರತೈತಿ ಅಣ್ಣಾ” ಎಂದೆ.

ಅವನು ತಲೆ ಆಡಿಸಿದ. ಕಾಲು ತೊಳೆದು ಒಳಗೆ ಹೋದ. ಮುಂದಿನ ಪಗಾರದ ದಿನ ತನ್ನ ಜೋಡು ಮಗ್ಗ ಬಿಟ್ಟುಕೊಟ್ಟು ಬಂದ. ಮಾಲಕರು ಬೇಡ ಎಂದರಂತೆ, ದಿವಾಣಜಿಯೂ ಬೇಡ ಎಂದರಂತೆ. ಕೆಟ್ಟ ಬಟ್ಟೆ ನೇಯ್ದು ಅನ್ನ ತಿನ್ನುವುದು ತನ್ನಿಂದ ಆಗದು ಎಂದು ಕೈ ಮುಗಿದನಂತೆ. ವೈನಿಯನ್ನು ಕರೆದುಕೊಂಡು ಊರಿಗೆ, ಸೋದರಮಾವನ ಕುರಿಗಳ ಕಡೆಗೆ ಹೊರಟ. ಬಸ್ಸಿನ ಕಿಟಕಿಯಿಂದ, “ಮಿಷನ್ ಮ್ಯಾಲ ಧೂಳ ಕೂಡಗೊಡಬ್ಯಾಡ. ಹುಷಾರ” ಎಂದ.

ಬಸ್ಸು ತಿರುಗಿ ಹೋದ ಮೇಲೆ ನಾನು ಮನೆಗೆ ಹೋಗಲಿಲ್ಲ. ಕೊಲ್ಹಾಪುರದ ಬಸ್ಸು ನಿಂತಿತ್ತು, ಹತ್ತಿದೆ.

ಮಾಸ್ತರರು ಮನೆಯ ಪಡಸಾಲೆಯಲ್ಲಿ ಹುಡುಗರ ಉತ್ತರಪತ್ರಿಕೆ ತಿದ್ದುತ್ತಿದ್ದರು. ಎಲ್ಲ ಹೇಳಿದೆ. ಗುಂಡಿ, ಚುಕ್ಕೆ, ನನ್ನ ತಿದ್ದುಗಳು, ದಿವಾಣಜಿಗೆ ಕಲಿಸಿದ್ದು, ಅಣ್ಣ ಕೇಳಿದ್ದು, ನಾನು ಹೇಳಿದ್ದು. ಅವರು ಅದು ಮೊದಲು ಕಂಡದ್ದು ಯಾವಾಗ ಎಂದು ಮಾತ್ರ ಕೇಳಿದರು. ಮಳೆಗಾಲದ ಮುಂಚೆ ಎಂದೆ. ಆಗ ದೀಪಾವಳಿ ಹತ್ತಿರ ಬಂದಿತ್ತು. ಅವರು ಕೆಂಪು ಪೆನ್ನಿನ ಟೊಪ್ಪಿಗೆ ಹಾಕಿ ಎದ್ದು ತಮ್ಮ ಯಂತ್ರದ ಮುಂದೆ ಕೂತು ಪ್ರೋಗ್ರಾಮು ತೆರೆದರು.

“ಬರೆಯುವಾಗ ನಡುನಡುವ ನಿಲ್ಲಿಸಿ ನೋಡಬೇಕಾಗತೈತ್ರಿ. ಅದಕ್ಕ ಆ ಬಾಗಲಾ ನನಗ ಬೇಕಿತ್ತು. ನಿಮಗ ಕೊಡೂಕಿಂತ ಮೊದಲ ಅದನ್ನ ಹಾಕಬೇಕಿತ್ತು, ಮರತೆ. ತೆರದಿಟ್ಟಾವ ನಾ” ಎಂದರು.

ಎಲ್ಲಕ್ಕಿಂತ ಮೇಲೆ ಒಂದು ಸಾಲು ಬರೆದರು. ಎಸ್ಕೇಪ್ ಬಂದ್ ಎಂಬ ಅರ್ಥದ, ಮೂರೇ ಶಬ್ದದ ಸಾಲು. ನಡೆಸಿ ತೋರಿಸಿದರು. ಮೂಲೆಯ ಗುಂಡಿ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಪರದೆ ಅಲುಗಲಿಲ್ಲ. ಒಂದು ಕಾರ್ಡು ಹಾಕಿದ್ದರೆ ಸಾಕಿತ್ತು. ಅಣ್ಣನ ಜೋಡು ಮಗ್ಗ, ಅವನ ಹೆಸರು ಮೂರು ಶಬ್ದದಲ್ಲಿ ಉಳಿಯುತ್ತಿದ್ದವು.

ಇದೊಂದು ಬಾಗಿಲು ಮಾತ್ರ ಮುಚ್ಚಿತು, ಗೊತ್ತಿದ್ದವರಿಗೆ ಕಿಟಕಿಗಳು ಇನ್ನೂ ಇವೆ, ಅವನ್ನೂ ನೋಡಬೇಕು ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ಆಮೇಲೆ ಫ್ಲಾಪಿಗಳಿಗೆ ತುಂಬುತ್ತ, ಮೊದಲಿನದನ್ನು ಎಲ್ಲೆಲ್ಲಿಗೆ ಮುಟ್ಟಿಸಿದ್ದೆನೋ ಅಲ್ಲಿಗೆಲ್ಲ ಇದನ್ನೂ ನಾನೇ ಒಯ್ಯಬೇಕೆಂದರು. ಸುಮ್ಮನೆ ಬದಲಿಸಿ ಬರುವಂತಿಲ್ಲ. ಏನು ತೂತಿತ್ತು, ಅದರಿಂದ ಏನಾಯಿತು ಎಂದು ಪ್ರತಿ ಕಡೆಯೂ ಬಾಯಿಬಿಟ್ಟು ಹೇಳಬೇಕು.

ಮೊದಲು ನಮ್ಮ ಮಾಲಕರಿಗೆ, ದಿವಾಣಜಿ ಎದುರಿಗೇ ಹೇಳಿದೆ. ದಿವಾಣಜಿ ಇಲ್ಲ ಎನ್ನಲಿಲ್ಲ, ತಾಈ ಕಲಿಸಿದ್ದು ಎಂದರು. ಅದು ನಿಜವೇ ಆಗಿತ್ತು. ಮುತ್ಯಾನನ್ನು ಕರೆಸಿದರು. ಎಣ್ಣೆ ಕಲೆ ಯಾರದೆಂದು ಮುತ್ಯಾ ನೆನಪಿಟ್ಟಿದ್ದರು. ಬಾಗಿಲಿಗೆ ಅಂಟಿಸಿದ ಪಟ್ಟಿಯನ್ನು ಮಾತ್ರ ಅವರು ಒಂದು ದಿನವೂ ನೋಡಿರಲಿಲ್ಲ, ಅಂಕಿ ಬಿಟ್ಟರೆ ಬೇರೇನೂ ಓದಲು ಬರುತ್ತಿರಲಿಲ್ಲ. ದಿವಾಣಜಿಯ ಹೆಂಡತಿಯ ತಮ್ಮನನ್ನು ಕೆಲಸದಿಂದ ತೆಗೆದರು. ದಿವಾಣಜಿ ಉಳಿದರು, ಅವರಿಲ್ಲದೆ ಮಾಲಕರ ಲೆಕ್ಕ ನಡೆಯದು. ನನ್ನನ್ನು ಮಡಚುವ ಕೋಣೆಗೆ ವಾಪಸು ಕಳಿಸಿದರು. ಆದರೆ ಫ್ಲಾಪಿ ಒಯ್ಯಲು ರಜೆ ಕೊಟ್ಟರು. ಬೆರಳು ಇಡಿಸುವುದನ್ನು ಮತ್ತೆ ಶುರು ಮಾಡಿಸಿದರು.

ಊರಿನ ಉಳಿದ ಶೆಡ್ಡುಗಳಿಗೆ ಹೋದೆ. ಮೊದಲನೆಯದರಲ್ಲಿ ನನ್ನಂಥವಳೇ ಒಬ್ಬಳು ಕೂತಿದ್ದಳು. ನಾಚಿಕೆಯಿಂದ ಮಾತು ತಡವರಿಸುತ್ತ ಮೂಲೆಯ ಗುಂಡಿಯ ವಿಷಯ ತೆಗೆದರೆ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಯ್ಯ, ಅದು ನಮಗ ಯಾವಾಗೋ ಗೊತ್ತೈತಿ ಬಿಡ್ರಿ. ಬಂದ್ ಮಾಡಬ್ಯಾಡ್ರೀ ಅಕ್ಕಾರ, ತಪ್ಪಾದ್ರ ನಮ್ಮ ಸಾಹೇಬ್ರ ಮಾರಿ ಯಾರು ನೋಡಬೇಕು?” ಎಂದಳು. ಮುಂದಿನ ಕಡೆಯೂ ಗೊತ್ತಿತ್ತು. ಅದರ ಮುಂದಿನ ಕಡೆಯೂ. ಎಲ್ಲರೂ ಕಂಡಿದ್ದರು, ಎಲ್ಲರಿಗೂ ಅನುಕೂಲವಾಗಿತ್ತು, ಒಬ್ಬರೂ ಹೇಳಿರಲಿಲ್ಲ. ನನ್ನೊಬ್ಬಳದೇ ತಪ್ಪಲ್ಲ ಎಂದು ಅಲ್ಲಿ ಹಗುರಾಗಬಹುದಿತ್ತು, ಆಗಲಿಲ್ಲ. ಅವರಲ್ಲಿ ಯಾರ ಅಣ್ಣನೂ ಬಾಗಿಲಲ್ಲಿ ನಿಂತು ಅವರನ್ನು ಕೇಳಿರಲಿಲ್ಲ.

ಕೊಲ್ಹಾಪುರದ ಗೋದಾಮಿನಲ್ಲಿ ಕೆಲಸ ಕೆಟ್ಟಿತು. ಅಲ್ಲಿಯ ಕಾರಕೂನ ಪ್ರೋಗ್ರಾಮನ್ನು ತಮಗೆ ಬೇಕಾದಂತೆ ಅಲ್ಲಲ್ಲಿ ತಿದ್ದಿಕೊಂಡಿದ್ದ. ನಾನು ಹಳೆಯದರ ಮೇಲೆ ಹೊಸದನ್ನು ತುಂಬಿದೆ, ಅವನ ತಿದ್ದುಗಳೆಲ್ಲ ಅಳಿಸಿದವು. ಅವನು ಮೀಟರಿಗೆ ಬದಲಿಸಿಕೊಂಡದ್ದು ಮತ್ತೆ ಗಜವಾಗಿ ನಿಂತಿತು. ಅವನು ಮರಾಠಿಯಲ್ಲಿ ನನ್ನ ಏಳು ತಲೆಮಾರನ್ನು ವಿಚಾರಿಸಿದ. ಹಳೆಯದರ ಒಂದು ಪ್ರತಿ ಅವನ ಕಪಾಟಿನಲ್ಲಿ ಸಿಕ್ಕದ್ದು ನನ್ನ ಪುಣ್ಯ. ಮಾಸ್ತರರ ಮನೆಗೆ ಓಡಿದೆ. ಅವರು ಬೇರೆ ದಾರಿ ಕಲಿಸಿದರು: ಯಾರದನ್ನೂ ಅಳಿಸಬೇಡ, ಅವರವರದನ್ನೇ ತೆರೆದು ನೆತ್ತಿಯ ಮೇಲೆ ಆ ಒಂದು ಸಾಲು ಬರೆದು ಮುಚ್ಚು. ಅಕ್ಷರ ಅಕ್ಷರವಾಗಿ ಕಲಿತೆ. ಗೋದಾಮಿಗೆ ವಾಪಸು ಹೋಗಿ ಹಳೆಯ ಪ್ರತಿಯನ್ನು ಹಾಕಿ, ಸಾಲು ಬರೆದು, ಕಾರಕೂನನಿಂದಲೇ ಗುಂಡಿ ಒತ್ತಿಸಿ ತೋರಿಸಿದೆ. ಅವನು ಚಹಾ ತರಿಸಿದ.

ಕೊನೆಯದು ಗಡಹಿಂಗ್ಲಜ. ನೂಲಿನ ಆಫೀಸಿನಲ್ಲಿ ಕೆಲಸ ಬೇಗ ಮುಗಿಯಿತು. ಅಲ್ಲಿಂದ ನೂಲ ದೂರವಲ್ಲ. ಊಟದ ಡಬ್ಬಿಯಲ್ಲಿ ಫ್ಲಾಪಿಗಳ ಕೆಳಗೆ ಒಂದು ಬಟ್ಟೆಯ ತುಂಡು ಇತ್ತು. ಕಂಪ್ಯೂಟರಿನ ಕೋಣೆ ಬಿಡುವ ದಿನ ಕುರ್ಚಿಯ ಬಳಿಯ ಚಿಂದಿ ಚೀಲವನ್ನು ಸುರುವಿ ಅದನ್ನು ಹುಡುಕಿ ತೆಗೆದಿದ್ದೆ. ಅಷ್ಟು ದಿನ ಅದು ನನ್ನ ಕಾಲ ಬಳಿಯೇ ಬಿದ್ದಿತ್ತು.

ಅಣ್ಣ ಕಟಾವಾದ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡಿದ್ದ. ಮೂಗಿನ ಮೇಲೆ ಸಂತೆಯ ಕನ್ನಡಕ, ಹೆಗಲಿಗೆ ಕಂಬಳಿ. ನನ್ನನ್ನು ಕಂಡು ಊಟ ಆಯಿತೇ ಎಂದು ಕೇಳಿದ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಅವನು ಕೋಲಿನ ಮೇಲೆ ಗದ್ದ ಊರಿ ಕೇಳಿದ. ಮುಗಿದ ಮೇಲೆ, “ಆ ಎಣ್ಣಿ ಕಲಿ ನಂದ ತಂಗಿ” ಎಂದ. “ನಾ ನೆನಪ ಮಾಡೇನಿ. ಅವತ್ತ ಎಣ್ಣಿ ಬಿಟ್ಟು ಕೈ ವರಸಲಾರದ ಬಟ್ಟಿ ಮುಟ್ಟಿದ್ದೆ. ನನಗ ಚಂದಾಗ ನೆನಪೈತಿ.”

ಆಗದ ತಪ್ಪನ್ನು ಅವನು ರಾತ್ರಿ ಹಗಲು ಹುಡುಕಿ, ಸಿಗದಿದ್ದಾಗ ತಾನೇ ಒಂದನ್ನು ಮಾಡಿಕೊಂಡಿದ್ದ. ನಾನು ಡಬ್ಬಿ ತೆಗೆದು ತುಂಡನ್ನು ಅವನ ಕೈಗೆ ಕೊಟ್ಟೆ.

ಅವನು ಅದನ್ನು ಎರಡು ಕೈಯಲ್ಲಿ ಹಿಡಿದು ಸೂರ್ಯನ ಕಡೆಗೆ ಎತ್ತಿದ. ಕಾಣಲಿಲ್ಲವೋ ಏನೋ, ಇಳಿಸಿದ. ಕನ್ನಡಕ ತೆಗೆದು ಅಂಗಿಯ ಜೇಬಿನಲ್ಲಿಟ್ಟ. ಮತ್ತೆ ಎತ್ತಿದ. ಕಲೆಯನ್ನು ಅವನು ನೋಡಲೇ ಇಲ್ಲ. ಅಂಚನ್ನು ನೋಡಿದ, ಹೆಬ್ಬೆರಳಿನಿಂದ ಸವರುತ್ತ ಬಂದು ಒಂದು ಕಡೆ ಹೊಕ್ಕು ಜಗ್ಗಿ ಅಂಚು ಒಳಗೆ ಎಳೆದುಕೊಂಡಲ್ಲಿ ತೋರುಬೆರಳು ಇಟ್ಟ.

“ಈ ಅಂಚು ನಂದಲ್ಲ” ಎಂದ. ಆಮೇಲೆ ತುಂಡಿನ ತುದಿಯಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದ ಪಕ್ಕದವನ ನಂಬರನ್ನೂ ಓದಿದ. ಬರಿಗಣ್ಣಿನಿಂದ, ತಡವರಿಸದೆ.

ಕುರಿಯೊಂದು ಗುಂಪು ಬಿಟ್ಟು ಬದುವಿನ ಕಡೆ ಹೊರಟಿತ್ತು. ಅವನು ನಾಲಗೆ ಸದ್ದು ಮಾಡಿ ಅದನ್ನು ತಿರುಗಿಸಿದ. ತುಂಡನ್ನು ಮಡಚಿದ, ಮಡಚುವ ಕೋಣೆಯಲ್ಲಿ ಮಡಚುವಂತೆ ಅಂಚಿಗೆ ಅಂಚು ಕೂಡಿಸಿ, ನನಗೆ ವಾಪಸು ಕೊಟ್ಟ.

“ಇದನ್ನ ಅವತ್ತ ಬಾಗಲದಾಗ ತೋರಿಸಿದ್ದರ ಆಗತಿತ್ತಲ್ಲ ತಂಗಿ” ಎಂದ. ಅದರಲ್ಲಿ ಸಿಟ್ಟಿರಲಿಲ್ಲ.

ಮಾಲಕರು ಕರೆದಿದ್ದಾರೆ, ಬೇರೆ ಜೋಡಿ ಕೊಡುತ್ತಾರಂತೆ ಎಂದೆ. ಅವನು ಜೇಬಿನಿಂದ ಕನ್ನಡಕ ತೆಗೆದು, ಕಂಬಳಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡ. ಅದರ ಅಗತ್ಯ ಇಲ್ಲವಲ್ಲ ಅಣ್ಣಾ, ಈಗ ನೋಡಿದೆಯಲ್ಲ ಎಂದು ನಾನು ಅಳುತ್ತಲೇ ಹೇಳಿದೆ.

“ಇರಲಿ ಬಿಡು. ರೂಢಿ ಆಗೇತಿ” ಎಂದು ಕುರಿಗಳ ಕಡೆ ನಡೆದ.